ಮೆಥಡ್ ಚೈನಿಂಗ್: ಪ್ರತಿ ಕೊಂಡಿ ಏನನ್ನು ಮರಳಿಸುತ್ತದೆ?

ಪ್ರೋಗ್ರಾಮಿಂಗ್‌ನಲ್ಲಿ ಆಬ್ಜೆಕ್ಟ್ (ಮಾಹಿತಿ ಮತ್ತು ಅದರ ಕೆಲಸಗಳ ಕಟ್ಟು) ಒಂದರ ಮೆಥಡ್ (ಅದು ಮಾಡಬಲ್ಲ ಕೆಲಸ) ಕರೆದು, ಅದು ಮರಳಿಸಿದ್ದರ ಮುಂದೆ ಚುಕ್ಕಿಯಿಟ್ಟು ಇನ್ನೊಂದು ಮೆಥಡ್ ಕರೆಯುತ್ತ ಹೋಗುವುದೇ ಮೆಥಡ್ ಚೈನಿಂಗ್. ನಡುವೆ ಫಲಿತಾಂಶ ಹಿಡಿದಿಡುವ ವೇರಿಯಬಲ್‌ಗಳ ಹಂಗಿಲ್ಲ. ಕೆಲಸ ನಡೆಯುವ ಕ್ರಮದಲ್ಲೇ ಕೋಡ್ ಓದಿಸಿಕೊಂಡು ಹೋಗುತ್ತದೆ. ಹೀಗೆ ಸರಾಗವಾಗಿ ಓದಿಸಿಕೊಳ್ಳುವ ವಿನ್ಯಾಸಕ್ಕೆ 2005ರಲ್ಲಿ ಸಾಫ್ಟ್‌ವೇರ್ ಲೇಖಕರಾದ ಮಾರ್ಟಿನ್ ಫೌಲರ್ ಮತ್ತು ಎರಿಕ್ ಇವಾನ್ಸ್ 'ಫ್ಲೂಯೆಂಟ್ ಇಂಟರ್‌ಫೇಸ್' ಎಂದು ಹೆಸರಿಟ್ಟರು.

ಜಾವಾಸ್ಕ್ರಿಪ್ಟ್‌ನಲ್ಲಿ 12345 ಎಂಬ ಸಂಖ್ಯೆಯನ್ನು ಹಿಂದುಮುಂದಾಗಿಸಬೇಕು ಎನ್ನೋಣ. ಸಂಖ್ಯೆಗೆ ರಿವರ್ಸ್ ಎಂಬ ಮೆಥಡ್ ಇಲ್ಲ. ಆದ್ದರಿಂದ ಮೊದಲು ಟುಸ್ಟ್ರಿಂಗ್ ಕರೆಯುತ್ತೇವೆ. ಕೈಗೆ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಬರುತ್ತದೆ. ಸ್ಪ್ಲಿಟ್ ಅದನ್ನು ಐದು ಅಕ್ಷರಗಳ ಅರೇ (ಪಟ್ಟಿ) ಮಾಡುತ್ತದೆ, ರಿವರ್ಸ್ ಆ ಅರೇಯನ್ನು ತಿರುಗಿಸುತ್ತದೆ, ಜಾಯಿನ್ ಮತ್ತೆ ಸ್ಟ್ರಿಂಗ್ ಆಗಿ ಬೆಸೆಯುತ್ತದೆ. ಒಂದೇ ಸಾಲಿನೊಳಗೆ ಮೌಲ್ಯದ ಟೈಪ್ (ಬಗೆ) ಮೂರು ಸಲ ಬದಲಾಯಿತು! ಕೊನೆಗೆ ಸಿಕ್ಕ 54321 ನೋಡಲು ಸಂಖ್ಯೆಯಂತಿದ್ದರೂ ಅದು ಸ್ಟ್ರಿಂಗ್. ಅದಕ್ಕೆ 1 ಕೂಡಿಸಿದರೆ 54322 ಬರುವುದಿಲ್ಲ, 543211 ಬರುತ್ತದೆ. ಅಂದ ಹಾಗೆ, 12345ರ ಪಕ್ಕದಲ್ಲೇ ಚುಕ್ಕಿಯಿಟ್ಟು ಟುಸ್ಟ್ರಿಂಗ್ ಬರೆದರೆ ಆ ಚುಕ್ಕಿಯನ್ನು ಭಾಷೆ ದಶಮಾಂಶ ಬಿಂದು ಎಂದು ಓದಿ ದೋಷ ತೋರಿಸುತ್ತದೆ. ಸಂಖ್ಯೆಯನ್ನು ಆವರಣದೊಳಗೆ ಇಟ್ಟರೆ ಸರಿಹೋಗುತ್ತದೆ.

ಪಠ್ಯ ಕಟ್ಟಲು ಬಳಸುವ ಜಾವಾದ ಸ್ಟ್ರಿಂಗ್‌ಬಿಲ್ಡರ್ ಬೇರೆ ಬಗೆಯದು. ಕೊನೆಗೆ ಸೇರಿಸುವ ಅದರ ಅಪೆಂಡ್ ಮೆಥಡ್ ಒಳಗಿನ ಪಠ್ಯವನ್ನು ಬದಲಿಸಿ ಅದೇ ಆಬ್ಜೆಕ್ಟ್ ಅನ್ನು ಮರಳಿಸುವುದರಿಂದ ಅಪೆಂಡ್ ಮೇಲೆ ಅಪೆಂಡ್ ಜೋಡಿಸಬಹುದು. ಟುಸ್ಟ್ರಿಂಗ್ ಕರೆದ ಕೂಡಲೇ ನಾವು ಸ್ಟ್ರಿಂಗ್‌ಗೆ ದಾಟಿರುತ್ತೇವೆ. ಅಲ್ಲಿ ಅಪೆಂಡ್ ಇಲ್ಲ. ಜಾವಾದ ಸ್ಟ್ರಿಂಗ್ ತಾನು ಬದಲಾಗುವುದೂ ಇಲ್ಲ. ಅಂಚಿನ ಖಾಲಿ ಜಾಗ ಕತ್ತರಿಸುವ ಟ್ರಿಮ್ ಕರೆದು ಫಲಿತಾಂಶವನ್ನು ಹಿಡಿದಿಟ್ಟುಕೊಳ್ಳದಿದ್ದರೆ ಮೂಲದ ಖಾಲಿ ಜಾಗಗಳು ಹಾಗೆಯೇ ಉಳಿಯುತ್ತವೆ. ಸ್ಟ್ರಿಂಗ್‌ಬಿಲ್ಡರ್, ಸ್ಟ್ರಿಂಗ್ ಎರಡರ ಸರಪಳಿಗಳೂ ಕಣ್ಣಿಗೆ ಒಂದೇ ಥರ ಕಾಣುವುದೇ ಇಲ್ಲಿನ ತೊಡಕು. ಪೈಥಾನ್ ಇಲ್ಲಿ ಖಡಾಖಂಡಿತವಾಗಿದೆ: ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಮೆಥಡ್ ಮೂಲವನ್ನೇ ಬದಲಿಸಿ 'ನನ್' (None, ಅಂದರೆ ಏನೂ ಇಲ್ಲ) ಮರಳಿಸುತ್ತದೆ, ಸರಪಳಿ ಅಲ್ಲಿಗೇ ಕಡಿಯುತ್ತದೆ. ನನಗೆ ಈ ಕಟ್ಟುನಿಟ್ಟು ಇಷ್ಟ.

ನಾವೇ ಬರೆದ ಕ್ಲಾಸ್‌ಗೂ (ಆಬ್ಜೆಕ್ಟ್‌ಗಳ ಅಚ್ಚು) ಜಾವಾದಲ್ಲಿ ಟುಸ್ಟ್ರಿಂಗ್ ತಾನಾಗಿ ದಕ್ಕುತ್ತದೆ. ಆದರೆ ಅದು ಕೊಡುವುದು ಕ್ಲಾಸ್‌ನ ಹೆಸರು, ಅಟ್ ಚಿಹ್ನೆ, ಹ್ಯಾಶ್ ಕೋಡ್ (ಆಬ್ಜೆಕ್ಟ್‌ಗೆ ಲೆಕ್ಕಹಾಕಿದ ಒಂದು ಸಂಖ್ಯೆ) ಮಾತ್ರ. ದೋಷ ಹುಡುಕುವಾಗ ಇದರಿಂದ ಪ್ರಯೋಜನವಿಲ್ಲ. ಒಳಗಿನ ಮಾಹಿತಿ ಕಾಣುವಂತೆ ಟುಸ್ಟ್ರಿಂಗ್ ಅನ್ನು ನಾವೇ ಬರೆದುಕೊಳ್ಳಬೇಕು. ಸರಪಳಿಯ ನಡುವೆ ಟೈಪ್ ಬದಲಾಗುವ ಕಡೆ, ಅಥವಾ 'ನಲ್' (null, ಯಾವ ಆಬ್ಜೆಕ್ಟ್ ಕೂಡ ಇಲ್ಲ ಎನ್ನುವ ಮೌಲ್ಯ) ಬರಬಹುದಾದ ಕಡೆ, ಸಾಲನ್ನು ಮುರಿದು ಹೆಸರುಳ್ಳ ವೇರಿಯಬಲ್ ಇಡುವುದೇ ಮೇಲು.