ಚರ್ಚಿನಲ್ಲಿ ವೋಟು ಕೇಳಬಹುದಾ?

ಅಮೆರಿಕದಲ್ಲಿ ಲಾಭರಹಿತ ಸಂಸ್ಥೆಗಳ ತೆರಿಗೆ ಲೆಕ್ಕ ನೋಡುವುದು ನನ್ನ ಕೆಲಸ. ಚುನಾವಣೆ ಹತ್ತಿರ ಬಂದಾಗಲೆಲ್ಲ ಜನ ಕೇಳುತ್ತಾರೆ: ಪಾದ್ರಿಗಳು ಭಾನುವಾರದ ಉಪದೇಶದಲ್ಲಿ ಇಂಥವರಿಗೇ ವೋಟು ಹಾಕಿ ಅನ್ನಬಹುದಾ?

ಇಲ್ಲಿ ಧರ್ಮ ಬೇರೆ, ಸರ್ಕಾರ ಬೇರೆ ಅಲ್ವಾ, ಹಾಗಾಗಿ ಸಂವಿಧಾನವೇ ಪಾದ್ರಿಗಳ ಬಾಯಿ ಕಟ್ಟಿದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಸಂವಿಧಾನ ಕಟ್ಟಿಹಾಕುವುದು ಸರ್ಕಾರವನ್ನು. ಚರ್ಚಿಗೆ ಅಡ್ಡ ಬರುವುದು ತೆರಿಗೆ ಕಾನೂನು. 1954ರಲ್ಲಿ ಆಗಿನ ಸೆನೆಟರ್ ಲಿಂಡನ್ ಜಾನ್ಸನ್ ಸೇರಿಸಿದ ನಿಯಮ ಅದು. ಲಾಭರಹಿತ ಸಂಸ್ಥೆಗಳಿಗೆ 501(ಸಿ)(3) ಎಂಬ ಕಲಂ ಕೊಡುವ ತೆರಿಗೆ ವಿನಾಯಿತಿ ಬೇಕಿದ್ದರೆ ಅಭ್ಯರ್ಥಿಗಳ ಪರ, ವಿರುದ್ಧ ಪ್ರಚಾರ ಮಾಡುವಂತಿಲ್ಲ. ಗರ್ಭಪಾತ, ವಲಸೆ, ಬಡತನದ ಬಗ್ಗೆ ಧಾರಾಳವಾಗಿ ಮಾತಾಡಬಹುದು.

1992ರ ಚುನಾವಣೆಗೆ ನಾಲ್ಕು ದಿನ ಇತ್ತು. ನ್ಯೂಯಾರ್ಕ್ ರಾಜ್ಯದ ಪಿಯರ್ಸ್ ಕ್ರೀಕ್ ಚರ್ಚ್ ಯುಎಸ್‌ಎ ಟುಡೇ, ವಾಷಿಂಗ್ಟನ್ ಟೈಮ್ಸ್ ಪತ್ರಿಕೆಗಳಲ್ಲಿ ಇಡೀ ಪುಟದ ಜಾಹೀರಾತು ಹಾಕಿಸಿತು. ಬಿಲ್ ಕ್ಲಿಂಟನ್‌ಗೆ ವೋಟು ಹಾಕಬೇಡಿ ಎಂಬುದೇ ಅದರ ತಿರುಳು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಜಾಹೀರಾತಿಗೆ ದೇಣಿಗೆ ಕೊಡಿ, ತೆರಿಗೆ ರಿಯಾಯಿತಿ ಇದೆ ಎಂದೂ ಇತ್ತು! ತೆರಿಗೆ ಇಲಾಖೆ ಐಆರ್‌ಎಸ್ 1995ರಲ್ಲಿ ವಿನಾಯಿತಿ ರದ್ದು ಮಾಡಿತು. 2000ದಲ್ಲಿ ಮೇಲ್ಮನವಿ ಕೋರ್ಟ್ ಅದು ಸರಿ ಅಂದಿತು.

ನನಗೆ ಭಯ ಹುಟ್ಟಿಸುವುದು ಆ ಸಣ್ಣ ಅಕ್ಷರವೇ. ಅಭ್ಯರ್ಥಿಗೆ ನೇರವಾಗಿ ಹಣ ಕೊಟ್ಟರೆ ರಿಯಾಯಿತಿ ಇಲ್ಲ, ಮೊತ್ತಕ್ಕೆ ಮಿತಿ ಇದೆ. ಫೆಡರಲ್ ಚುನಾವಣೆಯಲ್ಲಿ 200 ಡಾಲರ್ ದಾಟಿದರೆ ಕೊಟ್ಟವರ ಹೆಸರೂ ಬಹಿರಂಗ. ಚರ್ಚಿಗೆ ಕೊಟ್ಟರೆ ರಿಯಾಯಿತಿ ಸಿಗುತ್ತದೆ, ಹೆಸರು ಹೊರಗೆ ಬರುವುದಿಲ್ಲ. ಬೇರೆ ಸಂಸ್ಥೆಗಳು ವರ್ಷವರ್ಷ ತುಂಬುವ ಲೆಕ್ಕಪತ್ರ ಫಾರ್ಮ್ 990 ಕೂಡ ಚರ್ಚಿಗೆ ಬೇಕಿಲ್ಲ. ಪ್ರಚಾರಕ್ಕೆ ಬಾಗಿಲು ತೆರೆದರೆ ರಾಜಕೀಯದ ದುಡ್ಡು ಇದೇ ದಾರಿ ಹಿಡಿಯುತ್ತದೆ. ಕಾಣಿಕೆ ಹಾಕುವ ಭಕ್ತರಿಗೆ ಅದು ಅನ್ಯಾಯ.

2025ರ ಜುಲೈನಲ್ಲಿ ಐಆರ್‌ಎಸ್ ಟೆಕ್ಸಾಸಿನ ಫೆಡರಲ್ ಕೋರ್ಟಿನಲ್ಲಿ ಹೊಸ ನಿಲುವು ತಿಳಿಸಿತು. ಆರಾಧನೆಯ ವೇಳೆ ಪಾದ್ರಿ ತಮ್ಮ ಸಭೆಗೆ ನಂಬಿಕೆಯ ದೃಷ್ಟಿಯಿಂದ ಅಭ್ಯರ್ಥಿಗಳ ಬಗ್ಗೆ ಹೇಳಿದರೆ ಅದು ಪ್ರಚಾರ ಅಲ್ಲವಂತೆ. ನನಗಿದು ಒಪ್ಪಿಗೆಯಿಲ್ಲ. ಇವತ್ತು ಉಪದೇಶ ನೇರಪ್ರಸಾರ ಆಗುತ್ತದೆ. ಕೇಳುವವರೆಲ್ಲ ಸಭೆಯವರೇ ಅನ್ನುವುದು ಹೇಗೆ?

ದೇವಸ್ಥಾನ, ಮಸೀದಿಗಳಿಗೂ, ಇಲ್ಲಿನ ಎಷ್ಟೋ ಕನ್ನಡ ಸಂಘಗಳಿಗೂ ಇದೇ ಕಲಂ ಅನ್ವಯ. ಕೇಳಿದವರಿಗೆ ನಾನು ಹೇಳುವುದಿಷ್ಟು: ಮತದಾರರ ನೋಂದಣಿಗೆ ಸುಮ್ನೆ ಒಂದು ಮೇಜು ಹಾಕಿ, ತೊಂದರೆಯಿಲ್ಲ. ಒಬ್ಬ ಅಭ್ಯರ್ಥಿಯನ್ನು ಕರೆದರೆ ಎಲ್ಲರನ್ನೂ ಕರೆಯಿರಿ. ಪಾದ್ರಿಗಳಾಗಲಿ, ಸಂಘದ ಅಧ್ಯಕ್ಷರಾಗಲಿ, ಯಾರಿಗಾದರೂ ಬೆಂಬಲ ಕೊಡಬೇಕಿದ್ದರೆ ಸ್ವಂತ ಹೆಸರಲ್ಲಿ, ಸ್ವಂತ ದುಡ್ಡಲ್ಲಿ ಕೊಡಲಿ. ಸಂಸ್ಥೆಯ ಇಮೇಲ್ ಪಟ್ಟಿ ಮಾತ್ರ ಮುಟ್ಟಬೇಡಿ.