ದಿ ಓಪನ್: ಎಡವಟ್ಟು ಮೊದಲು, ನಿಯಮ ಆಮೇಲೆ

ಗಾಲ್ಫ್‌ನ ನಾಲ್ಕು ಮೇಜರ್ ಟೂರ್ನಿಗಳಲ್ಲಿ ಎಲ್ಲಕ್ಕಿಂತ ಹಳೆಯದು ದಿ ಓಪನ್. ಬ್ರಿಟಿಷ್ ಓಪನ್ ಅಂತಲೂ ಕರೆಯುತ್ತಾರೆ. ಇದರ ವಿಜೇತರ ಪಟ್ಟಿಯನ್ನು ಮೇಲಿಂದ ಓದುತ್ತಾ ಬನ್ನಿ. 1871ರ ಎದುರು ಹೆಸರೇ ಇಲ್ಲ. ಆ ವರ್ಷ ಟೂರ್ನಿ ನಡೆಯಲಿಲ್ಲ. ಯುದ್ಧ ಕಾರಣವಲ್ಲ, ಸಾಂಕ್ರಾಮಿಕ ರೋಗವೂ ಅಲ್ಲ. ಗೆದ್ದವನಿಗೆ ಕೊಡೋಕೆ ಬಹುಮಾನವೇ ಇರಲಿಲ್ಲ!

ಈ ಖಾಲಿ ಜಾಗ ನೋಡಿಯೇ ನಾನು ಓಪನ್ ಇತಿಹಾಸ ಓದಲು ಕೂತದ್ದು. ಓದುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಇಲ್ಲಿನ ಎಷ್ಟೋ ನಿಯಮಗಳನ್ನು ಯಾರೂ ಮುಂಚೆ ಯೋಚಿಸಿ ಬರೆದಿಲ್ಲ. ಮೊದಲು ಏನೋ ಎಡವಟ್ಟಾಗುತ್ತೆ, ಆಮೇಲೆ ತೇಪೆ ಹಾಕುತ್ತಾರೆ. ಹಾಗಾಗಿ ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡುವ ಬದಲು ಎಡವಟ್ಟುಗಳ ಜೊತೆ ನೆನಪಿಟ್ಟುಕೊಳ್ಳಿ. ಗಾಲ್ಫ್ ಹೊಸದಾಗಿದ್ದವರಿಗೆ ಒಂದೇ ಮಾತು: ಇಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನು ಗೆಲ್ಲುತ್ತಾನೆ. ಉಳಿದದ್ದು ಕಥೆಯ ಜೊತೆಗೇ ಗೊತ್ತಾಗುತ್ತೆ.

ಮನೆಗೆ ಹೋದ ಬೆಲ್ಟು

ಸೇಂಟ್ ಆಂಡ್ರ್ಯೂಸ್‌ನ ಅಲನ್ ರಾಬರ್ಟ್‌ಸನ್ ತನ್ನ ಕಾಲದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡಿದ್ದ. 1859ರಲ್ಲಿ ಅವನು ತೀರಿಕೊಂಡ. ಇನ್ನು ಮುಂದೆ ಯಾರು ದೊಡ್ಡವನು ಅನ್ನುವ ಪ್ರಶ್ನೆ ಎದ್ದಿತು. ಅದನ್ನು ತೀರ್ಮಾನಿಸಲು ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಕ್ಲಬ್ 1860ರ ಅಕ್ಟೋಬರ್ 17ರಂದು ಪಂದ್ಯ ಇಟ್ಟಿತು. ಬಂದವರು ಎಂಟೇ ಜನ. ಆಗ ಅಲ್ಲಿದ್ದದ್ದು 12 ಹೋಲ್‌ಗಳು, ಅಂದರೆ ಚೆಂಡನ್ನು ಹಾಕಬೇಕಾದ ಗುಂಡಿಗಳು. ಅದನ್ನೇ ಮೂರು ಸುತ್ತು ಆಡಿ ಒಂದೇ ದಿನದಲ್ಲಿ ಮುಗಿಸಿದರು. ವಿಲ್ಲಿ ಪಾರ್ಕ್ ಸೀನಿಯರ್ 174 ಹೊಡೆತದಲ್ಲಿ ಗೆದ್ದ. ಓಲ್ಡ್ ಟಾಮ್ ಮಾರಿಸ್ ಎರಡು ಹೊಡೆತ ಹಿಂದೆ.

ಬಹುಮಾನ ಏನು ಗೊತ್ತಾ? ಬೆಳ್ಳಿ ಬಕಲ್ ಇರುವ ಕೆಂಪು ಚರ್ಮದ ಬೆಲ್ಟು. ದುಡ್ಡು ಒಂದು ಪೈಸೆಯೂ ಇಲ್ಲ. ಬೆಲ್ಟನ್ನು ವರ್ಷದ ಮಟ್ಟಿಗೆ ಇಟ್ಟುಕೊಳ್ಳಬೇಕು, ಸತತ ಮೂರು ಸಲ ಗೆದ್ದರೆ ಅದು ಗೆದ್ದವನದ್ದೇ. ಇದನ್ನು ಬರೆದವರು 'ಅದೆಲ್ಲಿ ಆಗುತ್ತೆ ಬಿಡಿ' ಅಂದುಕೊಂಡಿರಬೇಕು.

ಆಯಿತು. ಓಲ್ಡ್ ಟಾಮ್‌ನ ಮಗ ಯಂಗ್ ಟಾಮ್ 1868ರಲ್ಲಿ ಗೆದ್ದಾಗ ಅವನಿಗೆ 17 ವರ್ಷ. 1869ರಲ್ಲೂ ಗೆದ್ದ. 1870ರಲ್ಲಿ ಗೆದ್ದದ್ದು 12 ಹೊಡೆತಗಳ ಅಂತರದಲ್ಲಿ. ಬೆಲ್ಟು ಅವರ ಮನೆ ಸೇರಿತು, ಟೂರ್ನಿ ನಿಂತುಹೋಯಿತು. 1872ರಲ್ಲಿ ಮೂರು ಕ್ಲಬ್‌ಗಳು ಸೇರಿ 30 ಪೌಂಡ್ ಹಾಕಿ ಬೆಳ್ಳಿ ಹೂಜಿಯೊಂದನ್ನು ಮಾಡಿಸಲು ಮುಂದಾದವು. ಕೆಂಪು ವೈನ್ ಬಗ್ಗಿಸುವ ಹೂಜಿಯ ಆಕಾರ, ಹಾಗಾಗಿ ಎಲ್ಲರ ಬಾಯಲ್ಲಿ ಕ್ಲಾರೆಟ್ ಜಗ್. ಅಧಿಕೃತ ಹೆಸರು ಗಾಲ್ಫ್ ಚಾಂಪಿಯನ್ ಟ್ರೋಫಿ. ಈ ಸಲ ಹುಷಾರಾಗಿದ್ದರು: ಎಷ್ಟು ಸಲ ಗೆದ್ದರೂ ಇದು ಯಾರ ಸ್ವಂತದ್ದೂ ಆಗಲ್ಲ.

ಕ್ವಿಜ್‌ನಲ್ಲಿ ತುಂಬಾ ಜನ ಎಡವುವ ಜಾಗ ಇದು. ಹೂಜಿಯ ಮೇಲೆ ಕೆತ್ತಿರುವ ಮೊದಲ ಹೆಸರು 1872ರ ವಿಜೇತನದ್ದು, ಅಂದರೆ ಮತ್ತೆ ಯಂಗ್ ಟಾಮ್‌ನದ್ದೇ. ಆದರೆ ಹೂಜಿಯನ್ನು ಮೊದಲು ಕೈಗೆ ತಗೊಂಡವನು ಅವನಲ್ಲ. 1872ರಲ್ಲಿ ಅದಿನ್ನೂ ತಯಾರಾಗಿರಲಿಲ್ಲ, ಅವನಿಗೆ ಪದಕ ಕೊಟ್ಟು ಕಳಿಸಿದರು. ಹೂಜಿ ಸಿಕ್ಕಿದ್ದು 1873ರಲ್ಲಿ ಗೆದ್ದ ಟಾಮ್ ಕಿಡ್‌ಗೆ.

ಈ ಅಪ್ಪ-ಮಗನ ಬಗ್ಗೆ ಇನ್ನೊಂದು ಮಾತು. ಓಪನ್ ಗೆದ್ದ ಅತಿ ಹಿರಿಯ ಇವತ್ತಿಗೂ ಓಲ್ಡ್ ಟಾಮ್, 1867ರಲ್ಲಿ, 46ನೇ ವಯಸ್ಸಿನಲ್ಲಿ. ಅತಿ ಕಿರಿಯ ಮರುವರ್ಷ ಗೆದ್ದ ಅವನ ಮಗ. ಎರಡೂ ದಾಖಲೆ ಒಂದೇ ಮನೆಯಲ್ಲಿವೆ. ಆದರೆ ಆ ಮಗ 1875ರ ಕ್ರಿಸ್‌ಮಸ್ ದಿನ ತೀರಿಕೊಂಡ. ವಯಸ್ಸು ಬರೀ 24. ಕೆಲವೇ ತಿಂಗಳ ಹಿಂದೆ ಅವನ ಹೆಂಡತಿ ಹೆರಿಗೆಯಲ್ಲಿ ಸತ್ತಿದ್ದಳು.

ಆಡದೆ ಗೆದ್ದವನು

ನನಗೆ ತುಂಬಾ ಇಷ್ಟವಾದ ವರ್ಷ 1876. ಸೇಂಟ್ ಆಂಡ್ರ್ಯೂಸ್‌ನಲ್ಲಿ ಓಪನ್ ಇಟ್ಟುಕೊಂಡರು, ಆದರೆ ಅಂಕಣವನ್ನು ಆ ದಿನಕ್ಕೆ ಕಾದಿರಿಸುವುದನ್ನೇ ಮರೆತರು. ಚಾಂಪಿಯನ್‌ಶಿಪ್ ಆಡುವವರ ನಡುನಡುವೆ ಊರಿನವರು ತಮ್ಮ ಪಾಡಿಗೆ ತಾವು ಆಡುತ್ತಿದ್ದರು. ಡೇವಿ ಸ್ಟ್ರಾತ್ ಹೊಡೆದ ಚೆಂಡು 14ನೇ ಹೋಲ್‌ನಲ್ಲಿ ಎದುರಿನಿಂದ ಆಡುತ್ತಾ ಬರುತ್ತಿದ್ದವನ ಹಣೆಗೆ ಬಡಿಯಿತು.

17ನೇ ಹೋಲ್‌ಗೆ ಬನ್ನಿ. ಗ್ರೀನ್‌ನ (ಗುಂಡಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ) ಹಿಂದೆಯೇ ರಸ್ತೆ. ಚೆಂಡು ಅಲ್ಲಿಗೆ ಹೋದರೆ ಕಥೆ ಮುಗಿಯಿತು. ಮುಂದಿನವರು ಗ್ರೀನ್ ಬಿಟ್ಟು ಹೋಗುವ ಮೊದಲೇ ಸ್ಟ್ರಾತ್ ಹೊಡೆದ. ಚೆಂಡು ಅಲ್ಲಿದ್ದ ಒಬ್ಬರಿಗೆ ತಾಗಿ ನಿಂತಿತು. ಕೊನೆಗೆ ಸ್ಟ್ರಾತ್ ಮತ್ತು ಬಾಬ್ ಮಾರ್ಟಿನ್ ಇಬ್ಬರದ್ದೂ 176, ಸಮ. ಗ್ರೀನ್ ಖಾಲಿಯಾಗುವ ಮುಂಚೆ ಹೊಡೆದ ಅಂತ ಸ್ಟ್ರಾತ್ ಮೇಲೆ ದೂರು ಬಂತು.

ಸಮಿತಿ ಏನು ಮಾಡಿತು ನೋಡಿ. ಸೋಮವಾರ ಪ್ಲೇಆಫ್ (ಸಮ ಬಂದವರ ನಡುವಿನ ನಿರ್ಣಾಯಕ ಆಟ) ಆಡಿ, ದೂರಿನ ವಿಚಾರ ಆಮೇಲೆ ನೋಡೋಣ ಅಂದಿತು. ಸ್ಟ್ರಾತ್ ಒಪ್ಪಲಿಲ್ಲ. ಮೊದಲು ತೀರ್ಪು ಕೊಡಿ, ದೂರು ನಿಜ ಅಂತಾದರೆ ನಾನು ಆಡಿ ಏನು ಪ್ರಯೋಜನ ಅನ್ನುವುದು ಅವನ ವಾದ. ನನಗೇನೋ ಅವನದ್ದೇ ನ್ಯಾಯ ಅನ್ನಿಸುತ್ತೆ. ಸೋಮವಾರ ಅವನು ಬರಲೇ ಇಲ್ಲ. ಮಾರ್ಟಿನ್ ಒಬ್ಬನೇ ಅಂಕಣದಲ್ಲಿ ನಡೆದುಕೊಂಡು ಹೋದ, ಚಾಂಪಿಯನ್ ಆದ.

ಪ್ಲೇಆಫ್ ಲೆಕ್ಕ ಇಲ್ಲೇ ಬರೆದಿಟ್ಟುಕೊಳ್ಳಿ. ಬಹಳ ಕಾಲ 36 ಹೋಲ್ ಇತ್ತು, ಆಮೇಲೆ 18. ನಾಲ್ಕು ಹೋಲ್‌ಗಳ ಪ್ಲೇಆಫ್ ಮೊದಲು ನಡೆದದ್ದು 1989ರಲ್ಲಿ. 2019ರಿಂದ ಮೂರು.

ಟಿಕೆಟ್ ತಗೊಂಡು ಒಳಗೆ ಬಂದ ಚಾಂಪಿಯನ್

ಪ್ರೆಸ್ಟ್‌ವಿಕ್‌ನಲ್ಲಿ 24 ಓಪನ್‌ಗಳು ನಡೆದಿವೆ. ಕೊನೆಯದು 1925ರದ್ದು. ಆಮೇಲೆ ಯಾಕಿಲ್ಲ? ಜನಜಂಗುಳಿ. ಕೊನೆಯ ಸುತ್ತಿಗೆ ಐದು ಹೊಡೆತ ಮುಂದಿದ್ದ ಮ್ಯಾಕ್‌ಡೊನಾಲ್ಡ್ ಸ್ಮಿತ್‌ನನ್ನು ನೋಡಲು ಜನ ಮುಗಿಬಿದ್ದರು. ತಡೆಯೋಕೆ ಯಾರಿಂದಲೂ ಆಗಲಿಲ್ಲ. ಅವನು 82 ಹೊಡೆತ ತಗೊಂಡು ಸೋತ, ಜಿಮ್ ಬಾರ್ನ್ಸ್ ಗೆದ್ದ.

ಮರುವರ್ಷ, 1926ರಲ್ಲಿ, ರಾಯಲ್ ಲಿಥಮ್‌ನಲ್ಲಿ ಮೊದಲ ಸಲ ಪ್ರವೇಶ ಶುಲ್ಕ ಇಟ್ಟರು. ಈಗ ಮಜಾ ಕೇಳಿ. ಕೊನೆಯ ದಿನ ಎರಡು ಸುತ್ತುಗಳ ನಡುವೆ ಬಾಬಿ ಜೋನ್ಸ್ ಹೋಟೆಲಿಗೆ ಹೋಗಿ ಬಂದ, ಆಟಗಾರರ ಬ್ಯಾಡ್ಜ್ ಅಲ್ಲೇ ಬಿಟ್ಟಿದ್ದ. ಗೇಟಿನವನು ಒಳಗೆ ಬಿಡಲಿಲ್ಲ. ಜೋನ್ಸ್ ಜಗಳ ಆಡಲಿಲ್ಲ, ದುಡ್ಡು ಕೊಟ್ಟು ಒಳಗೆ ಬಂದ, ಗೆದ್ದ. ಅವನು ಅಮೆಚೂರ್, ಅಂದರೆ ದುಡ್ಡಿಗಾಗಿ ಆಡದ ಹವ್ಯಾಸಿ, ಹಾಗಾಗಿ ಬಹುಮಾನದ ಹಣ ಮುಟ್ಟುವಂತಿಲ್ಲ. ಅಂದರೆ ಕೈಯಿಂದ ಖರ್ಚು ಮಾಡಿಕೊಂಡು ಗೆದ್ದ ಹಾಗಾಯಿತು, ಅಲ್ವಾ?

ಬಾಟಲಿ

ಇದು ನನ್ನ ವಾದಕ್ಕೆ ಕೂರದ ಕಥೆ, ಆದರೂ ಬಿಡಲಾಗದು. 1949, ಸ್ಯಾಂಡ್‌ವಿಚ್ ಊರಿನ ರಾಯಲ್ ಸೇಂಟ್ ಜಾರ್ಜಸ್. ಐರ್ಲೆಂಡಿನ ಹ್ಯಾರಿ ಬ್ರ್ಯಾಡ್‌ಶಾ ಮೊದಲ ಸುತ್ತಿನಲ್ಲಿ 68 ಮಾಡಿದ್ದ. ಎರಡನೇ ಸುತ್ತಿನ 5ನೇ ಹೋಲ್‌ನಲ್ಲಿ ಹೋಗಿ ನೋಡಿದರೆ ಚೆಂಡು ಒಡೆದ ಬಿಯರ್ ಬಾಟಲಿಯೊಳಗೆ ಕೂತಿದೆ. ಚೆಂಡು ಬಿದ್ದಲ್ಲಿಂದಲೇ ಆಡಬೇಕು ಅನ್ನುವುದು ಗಾಲ್ಫ್‌ನ ಮೊದಲ ಪಾಠ. ಬ್ರ್ಯಾಡ್‌ಶಾ ಯಾವ ಅಧಿಕಾರಿಯನ್ನೂ ಕಾಯಲಿಲ್ಲ. ಕಣ್ಣು ಮುಚ್ಚಿಕೊಂಡು ಬೀಸಿದ. ಗಾಜು ಚೂರಾಯಿತು, ಚೆಂಡು 25 ಗಜದಷ್ಟು ಮುಂದೆ ಹೋಯಿತು. ಆ ಹೋಲ್‌ಗೆ ಆರು ಹೊಡೆತ, ಆ ಸುತ್ತಿಗೆ 77. ಕೊನೆಗೆ ಅವನೂ ಬಾಬಿ ಲಾಕ್ ಕೂಡ 283ರಲ್ಲಿ ಸಮ. 36 ಹೋಲ್‌ಗಳ ಪ್ಲೇಆಫ್‌ನಲ್ಲಿ ಲಾಕ್ 12 ಹೊಡೆತಗಳಿಂದ ಗೆದ್ದ.

ಈಗಿನ ನಿಯಮದಲ್ಲಿ ಬಾಟಲಿ ಅಂದರೆ ಸರಿಸಬಹುದಾದ ಅಡ್ಡಿ. ಚೆಂಡು ಎತ್ತಿ, ಬಾಟಲಿ ತೆಗೆದು, ಡ್ರಾಪ್ ಮಾಡಿ (ಚೆಂಡನ್ನು ಕೈಯಿಂದ ಕೆಳಗೆ ಬಿಟ್ಟು) ಆಡಬಹುದು. ದಂಡ ಇಲ್ಲ. ಆಗಲೂ ಕೇಳಿದ್ದರೆ ಬಿಡುಗಡೆ ಸಿಗುತ್ತಿತ್ತು ಅನ್ನುವವರಿದ್ದಾರೆ.

ಒಂದು ಇಂಚು, ಒಂದು ಹೆಸರು, ಒಬ್ಬ ಕ್ರೇನ್ ಚಾಲಕ

2003ರದ್ದು ಬೇಗ ಹೇಳಿಬಿಡುತ್ತೇನೆ. ಆಟ ಶುರುವಾಗುವಾಗ ಜೊತೆಗಾರರು ಸ್ಕೋರ್ ಕಾರ್ಡ್ ಅದಲು ಬದಲು ಮಾಡಿಕೊಂಡು ಒಬ್ಬರ ಲೆಕ್ಕ ಇನ್ನೊಬ್ಬರು ಬರೆಯಬೇಕು. ಮಾರ್ಕ್ ರೋ ಮತ್ತು ಯೆಸ್ಪರ್ ಪಾರ್ನೆವಿಕ್ ಮೂರನೇ ಸುತ್ತಿನಲ್ಲಿ ಅದಲು ಬದಲು ಮಾಡೋದನ್ನ ಮರೆತರು. ರೋನ 67 ಪಾರ್ನೆವಿಕ್ ಹೆಸರಿನ ಕಾರ್ಡಿನಲ್ಲಿತ್ತು. ಇಬ್ಬರೂ ಅನರ್ಹ. ಪ್ರಶಸ್ತಿಗೆ ಹತ್ತಿರ ಇದ್ದ ರೋ ಮನೆಗೆ ಹೋದ. ಇಂಥ ಹೆಸರಿನ ತಪ್ಪನ್ನು ಸಮಿತಿಯೇ ತಿದ್ದಬಹುದು ಅನ್ನುವ ಬದಲಾವಣೆ ಆಮೇಲೆ ಬಂತು.

1976ರ ಕಥೆಗೆ ನಗು ತಡೆಯೋಕಾಗಲ್ಲ. ಬ್ಯಾರೋ-ಇನ್-ಫರ್ನೆಸ್‌ನ ಕ್ರೇನ್ ಚಾಲಕ ಮಾರಿಸ್ ಫ್ಲಿಟ್‌ಕ್ರಾಫ್ಟ್ ಓಪನ್ ಅರ್ಹತಾ ಸುತ್ತಿಗೆ ಅರ್ಜಿ ಹಾಕಿದ. ಅಮೆಚೂರ್ ಅಂತ ಬರೆದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ) ಪ್ರಮಾಣಪತ್ರ ತೋರಿಸಬೇಕಿತ್ತು. ಅದು ಅವನ ಹತ್ತಿರ ಇರಲಿಲ್ಲ, ಹಾಗಾಗಿ ಪ್ರೊಫೆಷನಲ್ ಅಂತ ಬರೆದ! ಸ್ಕೋರ್ 121, ಪಾರ್‌ಗಿಂತ, ಅಂದರೆ ಒಳ್ಳೆಯ ಆಟಗಾರನಿಗೆ ಬೇಕಾಗುವ ನಿಗದಿತ ಹೊಡೆತಗಳಿಗಿಂತ, 49 ಜಾಸ್ತಿ. ಆಯೋಜಕರು ಬಾಗಿಲು ಬಿಗಿ ಮಾಡಿದರು. ಅವನು ಸುಳ್ಳು ಹೆಸರುಗಳಲ್ಲಿ ಮತ್ತೆ ಮತ್ತೆ ಬಂದ.

ಹಾಗೆ ಬಂದ ಒಂದು ವರ್ಷ 1983. ಆ ಸಲ ಓಪನ್ ರಾಯಲ್ ಬರ್ಕ್‌ಡೇಲ್‌ನಲ್ಲಿ. ಮೂರನೇ ಸುತ್ತಿನ 14ನೇ ಹೋಲ್‌ನಲ್ಲಿ ಹೇಲ್ ಇರ್ವಿನ್‌ನ ಪಟ್ (ಚೆಂಡನ್ನು ಗುಂಡಿಗೆ ಉರುಳಿಸುವ ಮೆಲ್ಲನೆಯ ಹೊಡೆತ) ಸ್ವಲ್ಪದರಲ್ಲಿ ತಪ್ಪಿತು. ಉಳಿದದ್ದು ಒಂದೇ ಇಂಚು. ಪಟ್ ಹೊಡೆಯುವ ಕೋಲು, ಅಂದರೆ ಪಟರ್ ತಿರುಗಿಸಿ ಸುಮ್ನೆ ತಟ್ಟಲು ಹೋದ. ಪಟರ್ ನೆಲಕ್ಕೆ ತಾಗಿ ಪುಟಿದು ಚೆಂಡಿನ ಮೇಲಿಂದ ಹಾದುಹೋಯಿತು. ಅದೂ ಒಂದು ಹೊಡೆತವೇ. ಕೊನೆಗೆ ಟಾಮ್ ವಾಟ್ಸನ್ 275, ಇರ್ವಿನ್ 276. ಅದೇ ಟೂರ್ನಿಯಲ್ಲಿ ಡೆನಿಸ್ ಡರ್ನಿಯನ್ ಮೊದಲ ಒಂಬತ್ತು ಹೋಲ್‌ಗಳನ್ನು 28 ಹೊಡೆತದಲ್ಲಿ ಮುಗಿಸಿ ದಾಖಲೆ ಮಾಡಿದ. ಆ ವರ್ಷದ ಅರ್ಹತಾ ಸುತ್ತಿನಲ್ಲಿ ಸ್ವಿಟ್ಜರ್ಲೆಂಡಿನ ಜೆರಾಲ್ಡ್ ಹಾಪಿ ಎಂಬಾತನಿಗೆ ಒಂಬತ್ತು ಹೋಲ್‌ಗೆ ಬೇಕಾದದ್ದು 63. ಅಲ್ಲಿಗೇ ಅವನನ್ನು ನಿಲ್ಲಿಸಿದರು. ಹಾಪಿ ಬೇರೆ ಯಾರೂ ಅಲ್ಲ, ನಮ್ಮ ಫ್ಲಿಟ್‌ಕ್ರಾಫ್ಟೇ.