ಹೋದ ತಿಂಗಳ ಔಷಧಿಯ ಮೇಲೆ ಸಿಟ್ಟೇಕೆ?

ಶಹಾಪುರ ಕಡೆಯ ತಾಯಿಯೊಬ್ಬರು ಏಳು ವರ್ಷದ ಮಗಳನ್ನು ಕರಕೊಂಡು ಕಲಬುರಗಿಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಹೊಸದಾಗಿ ಹುಟ್ಟಿದ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಎಳೆದಂಥ ಬಿಳಿ ಗೆರೆ, ನಡುವೆ ಕಂದು ಕಲೆ.

"ಹೋದ ತಿಂಗಳ ಜ್ವರಕ್ಕ ಆಂಟಿಬಯೋಟಿಕ್ ಕೊಟ್ಟಿದ್ರು. ಅದ್ರಿಂದ್ಲೇ ಹಿಂಗಾಗ್ಯದ. ಎರಡೇ ದಿನಕ್ಕ ಬಂದ್ ಮಾಡೀನ್ರಿ."

ಐದು ದಿನದ ಕೋರ್ಸು ಅದು. ಚೀಲದಿಂದ ಬಾಟಲಿ ತೆಗೆದರು. ಅಮಾಕ್ಸಿಸಿಲಿನ್, ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ವಾರಕ್ಕೊಬ್ಬರಾದರೂ ಇದೇ ಕತೆ ಹೇಳುತ್ತಾರೆ. ನನಗೆ ಸಿಟ್ಟು ಬರುವುದೂ ಇಲ್ಲೇ.

ಹಲ್ಲು ಹೊರಗೆ ಬಂದದ್ದು ಈಗ. ಆದರೆ ತಯಾರಾಗಿದ್ದು ಯಾವಾಗ? ಮಗುವಿಗೆ ಮೂರ್ನಾಲ್ಕು ತಿಂಗಳಿದ್ದಾಗ ದವಡೆಯೊಳಗೆ ಶುರುವಾಗಿ, ನಾಲ್ಕೈದು ವರ್ಷಕ್ಕೆ ಮುಂದಿನ ಹಲ್ಲಿನ ಬಿಳಿ ಭಾಗ ಪೂರ್ತಿ ಗಟ್ಟಿಯಾಗಿರುತ್ತದೆ. ಸುಟ್ಟ ಮಡಕೆಯ ಮಣ್ಣಿಗೆ ಆಮೇಲೆ ಬಣ್ಣ ಕಲಸೋಕಾಗುತ್ತಾ? ಒಳಗಿನ ಕಲೆ ಅಂದರೆ ಹಳೇ ಲೆಕ್ಕ. ಹೋದ ತಿಂಗಳದ್ದಲ್ಲ.

ಹಲ್ಲು ಕೆಡಿಸುವ ಆಂಟಿಬಯೋಟಿಕ್ ಇಲ್ಲವೇ ಇಲ್ಲ ಅಂತಲ್ಲ. ಟೆಟ್ರಾಸೈಕ್ಲಿನ್ ಇದೆ. ಅದು ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ. ಬಸುರಿಗೆ ನಾಲ್ಕು ತಿಂಗಳಾದ ಮೇಲೆ, ಆಮೇಲೆ ಮಗುವಿಗೆ ಎಂಟು ವರ್ಷ ತುಂಬುವ ತನಕ ಅದನ್ನು ಕೊಟ್ಟರೆ, ಗಟ್ಟಿಯಾಗುತ್ತಿರುವ ಹಲ್ಲಿನೊಳಗೇ ಸೇರಿಬಿಡುತ್ತದೆ. ಮೊದಲು ಹಳದಿ. ಬೆಳಕು ಬಿದ್ದು ಬಿದ್ದು ಕಂದು, ಬೂದು. ಅದಕ್ಕೇ ದವಡೆ ಹಲ್ಲಿಗಿಂತ ಮುಂದಿನವೇ ಜಾಸ್ತಿ ಕಪ್ಪಾಗುತ್ತವೆ. ಈ ಔಷಧಿಗಳು ಬಂದದ್ದು 1948ರಲ್ಲಿ, ಅಪಾಯ ತಿಳಿದದ್ದು 1950ರ ದಶಕದಲ್ಲಿ. ಅಂಥ ಹಲ್ಲಿನವರು ನನ್ನಲ್ಲಿಗೆ ಬರುವುದು ಹೆಚ್ಚಾಗಿ ಐವತ್ತು ದಾಟಿದವರೇ. ಅದೇ ಜಾತಿಯ ಮಿನೋಸೈಕ್ಲಿನ್ ಮಾತ್ರ ಜಾಸ್ತಿ ದಿನ ತಗೊಂಡರೆ ದೊಡ್ಡವರಿಗೂ ಕಲೆ ತರಬಹುದು. ಅಮಾಕ್ಸಿಸಿಲಿನ್ ಸಿರಪ್ಪು ಅಪರೂಪಕ್ಕೆ ಮೇಲ್ಮೇಲೆ ಹಳದಿ ಕೂರಿಸುತ್ತದೆ. ಅದು ಉಜ್ಜಿದರೆ ಹೋಗುತ್ತದೆ.

ಈ ಹುಡುಗಿಯ ಕಲೆ ಹೋಗುವಂಥದ್ದಲ್ಲ. ಅಜ್ಜಿ ಇದ್ದಿಲು ಹಾಕಿ ಉಜ್ಜಿ ಉಜ್ಜಿ ಒಸಡು ಕೆಂಪಗಾಗಿತ್ತು ಪಾಪ.

"ಕುಡಿಯೋ ನೀರು ಯಾವುದು?"

"ಬೋರಿಂದು. ಕುದಿಸೇ ಕುಡೀತೀವ್ರಿ."

ಅಣ್ಣನ ಬಾಯಿ ತೆರೆಸಿದೆ. ಅದೇ ಗೆರೆ. ಅವನಿಗೆ ಯಾವ ಔಷಧಿಯೂ ಕೊಟ್ಟಿರಲಿಲ್ಲ. ನೀರು ಪರೀಕ್ಷೆ ಮಾಡಿಸದೆ ಖಚಿತ ಹೇಳಲಾರೆ, ಆದರೆ ನನ್ನ ಅನುಮಾನ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣದ ಮೇಲೆ. ಹಲ್ಲು ತಯಾರಾಗುವಾಗ ಅದು ಜಾಸ್ತಿಯಾದರೆ ಇಂಥ ಕಲೆ ಬೀಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನಮ್ಮ ಕಡೆಯ ಎಷ್ಟೋ ಬೋರುಗಳಲ್ಲಿ ದಾಟುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ.

ತಾಯಿ ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಬಾಟಲಿ ಎತ್ತಿ, "ಹಂಗಾದ್ರ ಉಳಿದದ್ದು ಈಗ ಕುಡಿಸಲೇನ್ರಿ?" ಅಂದರು.

ಬೇಡ ತಾಯಿ. ಔಷಧಿ ಪುಡಿಗೆ ನೀರು ಕಲಸಿ ತಿಂಗಳಾಗಿದೆ, ಚೆಲ್ಲಿಬಿಡಿ.